ಸೆಲ್ಫು, ಬ್ಯಾಟ್ರಿ ಮತ್ತು ನನ್ನ ಇಂಜಿನಿಯರಿಂಗ್ ಡಿಗ್ರಿ

ಹೋದ ವಾರ ಏನೂ ಬರೀಲಿಲ್ಲ, ಬೇಜಾರು ಮಾಡ್ಕೋಬೇಡಿ. ಆಫೀಸಿನಲ್ಲಿ ರಿಲೀಸ್ ಇತ್ತು ಅಂತ ಸುಳ್ಳು ಹೇಳಬಹುದಿತ್ತು. ನಿಜ ಏನಪ್ಪಾ ಅಂದ್ರೆ, ಇಡೀ ವಾರಾಂತ್ಯ ಒಂದು ಬೈಕಿನ ಸ್ಟಾರ್ಟರ್ ಮೋಟಾರಿನ ಹಿಂದೆ ಹೋಯಿತು. ಬೈಕು ನಂದಲ್ಲ, ಅದೇ ಸಮಸ್ಯೆ.

ನಾನಿರೋ ಕರೆನ್ ಅನ್ನೋ ಈ ಬಡಾವಣೆ, ಡೆನ್ಮಾರ್ಕಿನ ಲೇಖಕಿ ಕರೆನ್ ಬ್ಲಿಕ್ಸೆನ್ ಕಾಫಿ ತೋಟ ಮಾಡಿ, ಕೈ ಸುಟ್ಟುಕೊಂಡು, 1931ರಲ್ಲಿ ಬಿಟ್ಟು ಹೋದ ಜಾಗ. ಕಾಫಿಗೆ ಇಲ್ಲಿನ ಎತ್ತರ ಜಾಸ್ತಿ ಆಯ್ತಂತೆ. ನೈರೋಬಿ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಅಂದ್ರೆ ಮುಳ್ಳಯ್ಯನಗಿರಿಯ ತುದಿಗಿಂತ ಸ್ವಲ್ಪವೇ ಕೆಳಗೆ. ಆಫ್ರಿಕಾ ಅಂದ ತಕ್ಷಣ ಬಿಸಿಲು ಅಂದ್ಕೊಳ್ಳೋರು ಜುಲೈನಲ್ಲಿ ಒಮ್ಮೆ ಇಲ್ಲಿಗೆ ಬನ್ನಿ, ಬೆಳಗ್ಗೆ ಸ್ವೆಟರ್ ಇಲ್ಲದೆ ಗೇಟಿನವರೆಗೂ ಹೋಗಕ್ಕಾಗಲ್ಲ. ಈ ಚಳಿಯೇ ನನ್ನ ದಾರಿ ತಪ್ಪಿಸಿದ್ದು.

ನಮ್ಮ ಗೇಟಿನ ಎದುರಿನ ಜಕರಾಂಡ ಮರದ ಕೆಳಗೆ ನಾಲ್ಕೈದು ಬೋಡಾ ಬೋಡಾಗಳು ನಿಂತಿರ್ತವೆ. ಬೋಡಾ ಅಂದ್ರೆ ಬಾಡಿಗೆ ಬೈಕು. ಕೀನ್ಯಾ-ಉಗಾಂಡ ಗಡಿಯಲ್ಲಿ 1960ರ ದಶಕದಲ್ಲಿ ಜನರನ್ನ ಸೈಕಲ್ಲಿನಲ್ಲಿ ಕೂರಿಸ್ಕೊಂಡು "ಬಾರ್ಡರ್, ಬಾರ್ಡರ್" ಅಂತ ಕೂಗ್ತಿದ್ದದ್ದು ಹಾಗಾಯ್ತು ಅಂತಾರೆ. 2008ರಲ್ಲಿ ಸರ್ಕಾರ 250 ಸಿಸಿಗಿಂತ ಸಣ್ಣ ಬೈಕುಗಳಿಗೆ ತೆರಿಗೆ ವಿನಾಯಿತಿ ಕೊಟ್ಟ ಮೇಲಂತೂ ಕೇಳೋದೇ ಬೇಡ. ಅವುಗಳಲ್ಲಿ ಬಹಳಷ್ಟು ನಮ್ಮ ದೇಶದಿಂದಲೇ ಬಂದವು, ಹಾಗಾಗಿ ಬೈಕು ಕೆಟ್ಟರೆ ಇಲ್ಲಿನ ಹುಡುಗರು ನನ್ನ ಮುಖ ನೋಡ್ತಾರೆ, ನಾನೇ ಮಾಡಿ ಕಳಿಸಿದೀನೇನೋ ಅನ್ನೋ ಹಾಗೆ :-)

ನನ್ನನ್ನ ದಿನಾ ಆಫೀಸಿಗೆ ಬಿಡೋ ಹುಡುಗನ ಬೈಕು ಎರಡು ವಾರದ ಹಿಂದೆ ಬೆಳಗ್ಗೆ ಸ್ಟಾರ್ಟ್ ಆಗ್ಲಿಲ್ಲ. ಸೆಲ್ಫ್ ಒತ್ತಿದ್ರೆ ರಿಲೇ "ಟಕ್" ಅನ್ನತ್ತೆ, ಅಷ್ಟೇ. ಕಿಕ್ಕರ್ ಇದೆ, ಆದ್ರೆ ಅದರ ಹಲ್ಲು ಸವೆದು ಒದ್ದರೆ ಜಾರತ್ತೆ. ನಾನು ಗಂಭೀರವಾಗಿ ಹೇಳಿದೆ: "ಚಳಿಗೆ ಇಂಜಿನ್ ಆಯಿಲ್ ಗಟ್ಟಿಯಾಗಿದೆ, ಬ್ಯಾಟ್ರಿ ವೀಕು. ಹೊಸದು ಹಾಕ್ಸು." ಇಂಜಿನಿಯರ್ ಹೇಳಿದ್ಮೇಲೆ ಮುಗೀತಲ್ಲ! ಅವನು ಅವರ ಸ್ಟ್ಯಾಂಡಿನ ಚೀಟಿ ಗುಂಪಿನಲ್ಲಿ ಸಾಲ ತಗೊಂಡು 2,800 ಶಿಲ್ಲಿಂಗಿನ ಬ್ಯಾಟ್ರಿ ತಂದ. ಹಾಕಿದ ತಕ್ಷಣ ಬೈಕು ಗುರ್ರಂತು. ನಾನು ಎದೆ ಉಬ್ಬಿಸ್ಕೊಂಡು ಆಫೀಸಿಗೆ ಹೋದೆ.

ಮೂರನೇ ದಿನ ಮತ್ತೆ "ಟಕ್".

ಬೈಕು ಸಾಲದ್ದು, ದಿನಾ ಕಂತು ಕಟ್ಬೇಕು, ನಾಲ್ಕು ದಿನ ತಪ್ಪಿದ್ರೆ ಬಂದು ಎಳ್ಕೊಂಡು ಹೋಗ್ತಾರೆ. ತಳ್ಳಿ ಸ್ಟಾರ್ಟ್ ಮಾಡೋ ಬೈಕಿಗೆ ಯಾರೂ ಹತ್ತಲ್ಲ. ಎರಡು ಕಂತು ಆಗ್ಲೇ ತಪ್ಪಿತ್ತು. ಅವನು ಬೈಯಲಿಲ್ಲ, "ಬಾಸ್, ಈಗ ಏನು?" ಅಂತ ಕೇಳ್ದ. ಬೈದಿದ್ರೇ ವಾಸಿಯಿತ್ತು.

ರಾತ್ರಿ ಮೈಸೂರಿಗೆ ಫೋನ್ ಹಚ್ಚಿದೆ. ನಮ್ಮಪ್ಪ ಯೆಜ್ಡಿ ಕಾಲದವರು. ಗೊತ್ತಲ್ಲ, ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯದು, 1996ರಲ್ಲಿ ಮುಚ್ಚಿ ಹೋಯಿತು. ಅದರಲ್ಲಿ ಕಿಕ್ಕರೂ ಗೇರೂ ಒಂದೇ ಲಿವರ್. ಸೆಲ್ಫು ಅಂದ್ರೆ ಅಪ್ಪನಿಗೆ ಸೋಮಾರಿಗಳ ಸೌಕರ್ಯ.

"ಬ್ಯಾಟ್ರಿ ತಗೊಳ್ಳೋಕ್ಮುಂಚೆ ಏನೋ ನೋಡ್ದೆ?"

"ಟಕ್ ಅಂತಿತ್ತು ಅಪ್ಪ..."

"ಟಕ್ ಅನ್ನೋದು ರಿಲೇ ಕಣೋ. ಸೆಲ್ಫ್ ಒತ್ತಿದಾಗ ನ್ಯೂಟ್ರಲ್ ಲೈಟು ಮಂಕಾಗತ್ತಾ?"

ಇಲ್ಲ. ಒಂಚೂರೂ ಮಂಕಾಗ್ತಿರ್ಲಿಲ್ಲ, ನಾನೇ ನೋಡಿದ್ದೆ. ನೋಡಿಯೂ ತಲೆಗೆ ಹೋಗಿರ್ಲಿಲ್ಲ. ಬ್ಯಾಟ್ರಿ ವೀಕಾಗಿದ್ರೆ, ಮೋಟಾರು ಕರೆಂಟು ಎಳೆದಾಗ ವೋಲ್ಟೇಜ್ ಕುಸಿದು ಲೈಟು ಬಾಡಬೇಕು. ಬಾಡ್ಲಿಲ್ಲ ಅಂದ್ರೆ ಮೋಟಾರು ಕರೆಂಟನ್ನೇ ಎಳೀತಿಲ್ಲ. ಎಲ್ಲೋ ದಾರಿ ಕಡಿದಿದೆ. ಸರ್ಕ್ಯೂಟ್ ಥಿಯರಿಯ ಮೊದಲ ಪಾಠ ಸ್ವಾಮಿ!

"ಡೈನಮೋ ಥರಾನೇ ಅದೂ. ಕಾರ್ಬನ್ ಸವೆದಿರತ್ತೆ. ಬಿಚ್ಚಿ ನೋಡು," ಅಂದು, ಊಟ ಆಯ್ತಾ ಅಂತ ಕೇಳಿ ಫೋನ್ ಇಟ್ರು. ಹಳೇ ಯೆಜ್ಡಿ ಡೈನಮೋದ ಬ್ರಶ್ಶುಗಳನ್ನ ಅದೆಷ್ಟು ಸಲ ಬದಲಾಯಿಸಿದ್ರೋ.

ಶನಿವಾರ ಬೆಳಗ್ಗೆ ಮಲ್ಟಿಮೀಟರ್ ಹಿಡ್ಕೊಂಡು ಕೂತೆ. ಸೆಲ್ಫ್ ಒತ್ತಿ ಹಿಡಿದಾಗ ಮೋಟಾರಿನ ಟರ್ಮಿನಲ್ಲಿನಲ್ಲಿ 12.4 ವೋಲ್ಟ್. ಅಂದ್ರೆ ರಿಲೇ, ಕೇಬಲ್ಲು ಸರಿ ಇವೆ. ಬ್ಯಾಟ್ರಿ ನೆಗೆಟಿವ್‌ಗೂ ಮೋಟಾರಿನ ಮೈಗೂ ನಡುವೆ ಸೊನ್ನೆ. ಅರ್ತ್ ಕಿತ್ತಿದ್ರೆ ಅಲ್ಲೂ 12 ಕಾಣ್ಬೇಕಿತ್ತು. ಹುಡುಗ ಸ್ಪ್ಯಾನರ್ ಹಿಡಿಯಿಂದ ಮೋಟಾರಿಗೆ ಎರಡು ಮೆತ್ತಗೆ ಬಡಿದ, ಒತ್ತಿದ... ಗುರ್ರ್! ಅಲ್ಲಿಗೆ ಗೊತ್ತಾಯ್ತು, ಬ್ರಶ್ಶು ಒಳಗೆ ಅಂಟಿಯೂ ಅಂಟದ ಹಾಗೆ ನಿಂತಿದೆ. ಬ್ಯಾಟ್ರಿ ಹಾಕೋವಾಗ ಬೈಕನ್ನ ಅಲುಗಾಡಿಸಿದ್ದಕ್ಕೆ ಅವತ್ತು ಹಿಡ್ಕೊಂಡಿತ್ತು, ಕೀರ್ತಿ ಮಾತ್ರ ನನಗೆ ಬಂತು.

ಬೈಕನ್ನ ಡಾಗೊರೆಟ್ಟಿ ಕಾರ್ನರ್ ಹತ್ತಿರದ ಒಬ್ಬ ಫುಂಡಿಯ ಹತ್ರ ಒಯ್ದೆವು. ಫುಂಡಿ ಅಂದ್ರೆ ಮೇಸ್ತ್ರಿ, ಮೆಕ್ಯಾನಿಕ್, ಎಲ್ಲಾ. ಇಂಥ ಬಯಲು ವರ್ಕ್‌ಶಾಪುಗಳಿಗೆ ಸ್ವಾಹಿಲಿಯಲ್ಲಿ "ಜುವಾ ಕಾಲಿ" ಅಂತಾರೆ, ಸುಡುಬಿಸಿಲು ಅಂತ ಅರ್ಥ. ಅವತ್ತು ಜಿನುಗು ಮಳೆ ಇತ್ತು. ಮುದುಕ ಬ್ಯಾಟ್ರಿ ವೈರು ತೆಗೆದು, ಮೋಟಾರು ಬಿಚ್ಚಿ, ಮುಚ್ಚಳ ತೆಗೆದ. ಒಳಗಿಂದ ಕರಿ ಪುಡಿ, ಅದರ ಜೊತೆ ನೈರೋಬಿಯ ಕೆಂಪು ಮಣ್ಣು, ಹಪ್ಪಳದ ಹಾಗೆ ಉದುರ್ತು. ಓ-ರಿಂಗ್ ಸತ್ತು ನೀರು ಹೊಕ್ಕಿತ್ತು. ಎರಡು ಬ್ರಶ್ಶಲ್ಲಿ ಒಂದು ಕಡ್ಲೆಬೇಳೆಯಷ್ಟು ಉಳಿದಿತ್ತು, ಸ್ಪ್ರಿಂಗಿಗೆ ಅದನ್ನ ಒತ್ತೋಕೇ ಎಟುಕ್ತಿರ್ಲಿಲ್ಲ.

ಆ ಅಳತೆ ಬ್ರಶ್ ಸಿಗ್ಲಿಲ್ಲ. ಪಕ್ಕದ ಡಬ್ಬದಲ್ಲಿ ಗ್ರೈಂಡರ್ ಮಷೀನಿನ ಬ್ರಶ್ಶುಗಳಿದ್ವು, "ಇದನ್ನೇ ಉಜ್ಜಿ ಹಾಕಿ" ಅಂದೆ. (ನಾನು ಸುಮ್ನಿರಬೇಕಿತ್ತು.) ಮುದುಕ ಹಳೇ ಬ್ರಶ್ಶನ್ನ ಕಲ್ಲಿಗೆ ಉಜ್ಜಿ ತೋರಿಸ್ದ, ಕೆಂಪಗೆ ಹೊಳೀತು. ಗ್ರೈಂಡರಿಂದು ಉಜ್ಜಿದ್ರೆ ಬರೀ ಕಪ್ಪು. ಸ್ಟಾರ್ಟರಿಗೆ 12 ವೋಲ್ಟಿನಲ್ಲಿ ಹತ್ತಾರು ಆಂಪಿಯರ್ ಹರೀಬೇಕು, ಅದಕ್ಕೇ ಬ್ರಶ್ಶಿನಲ್ಲಿ ತಾಮ್ರ ಬೆರೆಸಿರ್ತಾರೆ. ಬರೀ ಕಾರ್ಬನ್ ಹಾಕಿದ್ರೆ ಅಡ್ಡಿಯೇ ಜಾಸ್ತಿ, ಮೋಟಾರು ತಿರುಗೋದು ಅನುಮಾನ. ಇದನ್ನ ಅವನು ಹೇಳಿದ್ದು ಒಂದೇ ಮಾತಲ್ಲಿ: "ಇದು ಬಡವ." ಆಮೇಲೆ ಹಳೇ ಕಾರಿನ ಸ್ಟಾರ್ಟರಿನ ಬ್ರಶ್ ಹುಡುಕಿ, ಅರದಿಂದ ತೀಡಿ ತೀಡಿ ಅಳತೆಗೆ ತಂದ. ಕಮ್ಯುಟೇಟರನ್ನ ನುಣ್ಣನೆ ಉಪ್ಪುಕಾಗದದಲ್ಲಿ ಒರೆಸಿ, ತಾಮ್ರದ ಪಟ್ಟಿಗಳ ನಡುವಿನ ಸಂದುಗಳನ್ನ ಗರಗಸದ ಬ್ಲೇಡಿನ ಚೂರಲ್ಲಿ ಒಂದೊಂದಾಗಿ ಕೆರೆದ. ಒಂದು ಗಂಟೆ ಮಾತಿಲ್ಲ. ಹೊಸ ಓ-ರಿಂಗ್ ಸೇರಿ 600 ಶಿಲ್ಲಿಂಗ್.

ಬ್ಯಾಟ್ರಿಯ 2,800 ನಾನು ಎಂ-ಪೆಸಾದಲ್ಲಿ ಕಳಿಸಿದೆ. ಹುಡುಗ ಅರ್ಧ ವಾಪಸ್ ಕಳಿಸ್ದ. ಬ್ಯಾಟ್ರಿಯೇನೋ ಹೊಸದೇ ಅಲ್ವಾ, ನಂಗೇ ಇರತ್ತೆ ಅಂದ. ಉಳಿದ ಅರ್ಧವನ್ನ ದಿನದ ಬಾಡಿಗೆಯಲ್ಲಿ ವಜಾ ಹಾಕ್ಕೋತೀನಿ ಅಂತಾನೆ. ತಪ್ಪಿದ ಕಂತುಗಳನ್ನ ಸೋಮವಾರ ಕಟ್ಟಿದ.

ಇವತ್ತು ಬೆಳಗ್ಗೆ ಸ್ಟ್ಯಾಂಡಿನಲ್ಲಿ ಇನ್ನೊಬ್ಬನ ಬೈಕು ಸ್ಟಾರ್ಟ್ ಆಗ್ತಿರ್ಲಿಲ್ಲ. ನಾನು ಹತ್ತಿರ ಹೋಗಿ ಬಗ್ಗಿ ನೋಡೋಷ್ಟರಲ್ಲಿ ನಮ್ಮ ಹುಡುಗ ಹಿಂದಿನಿಂದ ಕೂಗ್ದ, "ಬಾಸ್, ಹತ್ತಿ ಹತ್ತಿ, ಆಫೀಸಿಗೆ ಲೇಟಾಯ್ತು!"