ಬಿಸಿಲೇ ಬೇನೆಯಾದವರಿಗೆ

ಕಾರಿನ ಕಿಟಕಿಯನ್ನು ಕಪ್ಪಾಗಿಸುವುದು ಕೆಲವರಿಗೆ ಶೋಕಿ. ಬಿಸಿಲು ತಾಕಿದರೆ ಬೇನೆ ಉಲ್ಬಣಿಸುವ ಲೂಪಸ್ ರೋಗಿಗಳಿಗೆ ಅದು ರಕ್ಷಣೆ. ಮುಂಗಾಜಿನ ಎರಡು ಪದರಗಳ ನಡುವಣ ಪ್ಲಾಸ್ಟಿಕ್ ಪೊರೆ ಅತಿನೇರಳೆ ಕಿರಣಗಳನ್ನು ಬಹುಮಟ್ಟಿಗೆ ತಡೆಯುತ್ತದೆ. ಪಕ್ಕದ ಗಾಜು ಸಾಮಾನ್ಯವಾಗಿ ಅಷ್ಟು ತಡೆಯಲಾರದು. ಆ ಕೊರತೆಯನ್ನು ಬಣ್ಣವಿಲ್ಲದ ಪೊರೆಯೂ ನೀಗಬಲ್ಲದು. ಆದರೆ ಪ್ರೋಟೊಪೋರ್ಫಿರಿಯವೆಂಬ ವಿರಳ ರೋಗದಲ್ಲಿ ಕಣ್ಣಿಗೆ ಕಾಣುವ ಬೆಳಕೇ ಚರ್ಮವನ್ನು ಸುಡುವುದರಿಂದ, ಅಂಥವರಿಗೆ ನೆರಳೇ ಬೇಕು.

ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ ಕಾನೂನು ಇಂಥವರನ್ನು ಮರೆತಿಲ್ಲ. ಚಾಲಕನಾಗಲಿ ಮುಂದಿನ ಆಸನದ ಪ್ರಯಾಣಿಕನಾಗಲಿ ವೈದ್ಯರ ಸಹಿಯುಳ್ಳ ಪತ್ರವನ್ನು ಜೊತೆಯಲ್ಲಿರಿಸಿಕೊಂಡಿದ್ದರೆ, ಮುಂದಿನ ಪಕ್ಕದ ಕಿಟಕಿಗಳಿಗೆ ಬಿಸಿಲುತಡೆ ಹಾಕಬಹುದು. ಅದು ಸುಲಭವಾಗಿ ತೆಗೆಯುವಂತಿರಬೇಕು. ಕತ್ತಲಾದ ಮೇಲೆ ಬಳಸಕೂಡದು. ರೋಗಿಯ ನೆರಳು ದಾರಿಹೋಕನ ಪ್ರಾಣಕ್ಕೆ ಎರವಾಗಬಾರದಷ್ಟೆ.