ಮದುವೆ ಕಾಗದವಿಲ್ಲದ ಮನೆಯಲ್ಲಿ ಏಟು ಬಿದ್ದರೆ



ಜಹೀರಾಬಾದ್, ನಾರಾಯಣಖೇಡ, ತಾಂಡೂರಿನ ಸದಸ್ಯರಿಂದ ಸಂಘಕ್ಕೆ ಬರುವ ಫೋನುಗಳಲ್ಲಿ ಶಾಲೆ, ಕನ್ನಡ ಶಿಕ್ಷಕರು, ಜಾತಿ ಪ್ರಮಾಣಪತ್ರದ ಮಾತೇ ಹೆಚ್ಚು. ಈಚೆಗೆ ಇನ್ನೊಂದು ಬಗೆಯ ಫೋನು ಸೇರಿಕೊಂಡಿದೆ. "ಕಾಕಾ, ನಮ್ಮ ಓಣ್ಯಾಗ ಒಬ್ಬ ಹೆಣ್ಮಗಳಿಗಿ ಭಾಳ ಹೊಡದಾನ್ರಿ. ಆದ್ರ ಅವರದು ಮದಿವಿ ಆಗಿಲ್ಲ. ಏನ್ ಮಾಡಾದು?" ಈ ಮಾತಿನ ನಡುವೆ ಇರುವ 'ಆದ್ರ' ಎಂಬ ಶಬ್ದದ ಬಗ್ಗೆಯೇ ಈ ಸಲ ಬರೆಯುತ್ತಿದ್ದೇನೆ. ಏಟು ಬಿದ್ದದ್ದು ಖಾತ್ರಿ, ಕೂಸು ಇರುವುದು ಖಾತ್ರಿ. ಆದರೂ ಮದುವೆ ಆಗಿಲ್ಲ ಎಂಬ ಒಂದು ಕಾರಣಕ್ಕೆ ಹಿರಿಯರು ಹಿಂದೆ ಸರಿಯುತ್ತಾರೆ, ಠಾಣೆಯವರು ಅರ್ಜಿಯನ್ನು ಪಕ್ಕಕ್ಕೆ ಇಡುತ್ತಾರೆ.

ಇಂಥ ಸಂಸಾರಗಳು ನಮ್ಮ ಭಾಗದಲ್ಲಿ ಹೊಸವಲ್ಲ. 1956ರ ನವೆಂಬರ್ 1ಕ್ಕೆ ಮುಂಚೆ ನಾರಾಯಣಖೇಡ ಮತ್ತು ಜಹೀರಾಬಾದ್ ಬೀದರ್ ಜಿಲ್ಲೆಯ ತಾಲ್ಲೂಕುಗಳು, ತಾಂಡೂರು ಗುಲ್ಬರ್ಗ ಜಿಲ್ಲೆಯದು. ಗಡಿ ಗೆರೆ ಬಂದ ಮೇಲೂ ಕೊಡುವುದು ತರುವುದು ನಿಲ್ಲಲಿಲ್ಲ, ದುಡಿಯಲು ಬರುವುದೂ ನಿಲ್ಲಲಿಲ್ಲ. ಸೇಡಂ, ಚಿಂಚೋಳಿ ಕಡೆಯಿಂದ ತಾಂಡೂರಿನ ಫರಸಿ ಕಲ್ಲಿನ ಕೆಲಸಕ್ಕೆ, ಬೀದರ್, ಔರಾದ ಕಡೆಯಿಂದ ಜಹೀರಾಬಾದಿನ ಕಬ್ಬಿನ ಹೊಲಕ್ಕೆ ಬಂದವರು ಇಲ್ಲೇ ಒಂದು ಖೋಲಿ ಹಿಡಿಯುತ್ತಾರೆ. ಒಬ್ಬನಿಗೆ ಊರಲ್ಲಿ ಹೆಂಡತಿ ಇರುತ್ತಾಳೆ, ಸೋಡಚೀಟಿ ಆಗಿರುವುದಿಲ್ಲ. ಇನ್ನೊಬ್ಬರಿಗೆ ಜಾತಿ ಅಡ್ಡ. ಮತ್ತೊಬ್ಬ "ಬರುವ ವರ್ಷ ತಾಳಿ ಕಟ್ಟುತ್ತೇನೆ" ಅನ್ನುತ್ತಲೇ ಎರಡು ಮಕ್ಕಳ ತಂದೆಯಾಗಿರುತ್ತಾನೆ. ಚೆನ್ನಾಗಿರುವಷ್ಟು ದಿನ ಯಾರೂ ಕೇಳುವುದಿಲ್ಲ. ಹಳೆಯ ಹೆಂಡತಿ ಬಂದಾಗ, ಹೊಸ ಗೆಳೆಯನ ಹೆಸರು ಕೇಳಿಬಂದಾಗ, ಕುಡಿದು ಬಂದವನ ಕೈಗೆ ಅವಳ ಮೊಬೈಲು ಸಿಕ್ಕಾಗ ಜಗಳ ಓಣಿಗೆ ಬರುತ್ತದೆ.

ಆಗ ಕೂಡುವ ಪಂಚಾಯಿತಿಯ ಮೊದಲ ಪ್ರಶ್ನೆ "ಯಾರು ಹೊಡೆದರು" ಅಂತ ಇರುವುದಿಲ್ಲ, "ಅವಳು ಯಾರು" ಅಂತ ಇರುತ್ತದೆ. ಇದು ಓದುಬರಹ ಇಲ್ಲದವರ ಬುದ್ಧಿ ಎಂದು ಯಾರೂ ತಿಳಿಯಬಾರದು. 2011ರ ಸೆಪ್ಟೆಂಬರ್‌ನಲ್ಲಿ ನಟ ದರ್ಶನ್ ಅವರನ್ನು ಪತ್ನಿಯ ಮೇಲೆ ಹಲ್ಲೆ ಮಾಡಿದ ದೂರಿನ ಮೇಲೆ ಬಂಧಿಸಿದಾಗ ಕನ್ನಡ ಚಿತ್ರ ನಿರ್ಮಾಪಕರ ಸಂಘ ಮಾಡಿದ ಮೊದಲ ಕೆಲಸ ಏನು ಗೊತ್ತೇ? ಜಗಳಕ್ಕೆ ಕಾರಣ ಎನ್ನಲಾದ ಒಬ್ಬ ನಟಿಗೆ ಮೂರು ವರ್ಷ ನಿಷೇಧ ಹಾಕಿದ್ದು. ಆಕೆ ಆರೋಪವನ್ನು ಅಲ್ಲಗಳೆದರು, ಟೀಕೆ ಜೋರಾಯಿತು, ನಿಷೇಧ ಹಿಂದಕ್ಕೆ ಹೋಯಿತು. ಬೆಂಗಳೂರಿನ ದೊಡ್ಡ ಸಂಘವೇ ಹಾಗೆ ಮಾಡಿದ ಮೇಲೆ ನಮ್ಮ ಓಣಿಯ ಹಿರಿಯರನ್ನು ಏನೆಂದು ಬೈಯುವುದು! 2024ರ ಜೂನ್‌ನಲ್ಲಿ ಅದೇ ನಟ ಇನ್ನೊಂದು ಪ್ರಕರಣದಲ್ಲಿ ಆರೋಪಿಯಾದರು. ಗೆಳತಿಗೆ ಅಶ್ಲೀಲ ಸಂದೇಶ ಕಳುಹಿಸಿದನೆಂದು ಚಿತ್ರದುರ್ಗದ ಯುವಕನೊಬ್ಬನನ್ನು ಬೆಂಗಳೂರಿಗೆ ಕರೆತಂದು ಕೊಂದರು ಎಂಬುದು ಪೊಲೀಸರ ಆರೋಪ. 2025ರ ಆಗಸ್ಟ್ 14ರಂದು ಸುಪ್ರೀಂ ಕೋರ್ಟು ಜಾಮೀನು ರದ್ದು ಮಾಡಿತು. ಆರೋಪ ಸಾಬೀತಾಗುವುದು ಬಿಡುವುದು ನ್ಯಾಯಾಲಯದ ಕೆಲಸ. ನಾನು ಗಮನಿಸಿದ್ದು ನಮ್ಮ ಹುಡುಗರ ಮೊಬೈಲುಗಳಲ್ಲಿ ಓಡಾಡಿದ ಮಾತುಗಳನ್ನು. ಸತ್ತವನ ಹೆಂಡತಿ ಆಗ ಗರ್ಭಿಣಿ. ಅವಳ ಬಗ್ಗೆ ನಾಲ್ಕು ಮಾತು, ಆ ಇಬ್ಬರು ಹೆಂಗಸರಲ್ಲಿ ಯಾರು ಅಸಲಿ ಹೆಂಡತಿ ಎಂಬುದರ ಬಗ್ಗೆ ನಾನೂರು ಮಾತು.

ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ ವರದಿಯ ಪ್ರಕಾರ 2022ರಲ್ಲಿ ದೇಶದಲ್ಲಿ 28,522 ಕೊಲೆಗಳಾದವು. ಕಾರಣಗಳ ಪಟ್ಟಿಯಲ್ಲಿ ಪ್ರೇಮ ಪ್ರಕರಣಕ್ಕೆ ಒಂದು ಸಾಲು, ಅಕ್ರಮ ಸಂಬಂಧಕ್ಕೆ ಬೇರೆಯೇ ಒಂದು ಸಾಲು ಇದೆ. ಪ್ರತಿ ವರ್ಷದ ಲೆಕ್ಕಕ್ಕೂ ಈ ಸಾಲುಗಳು ಬೇಕಾಗುತ್ತವೆ ಎಂದರೆ ಇದು ಯಾವುದೋ ಒಂದು ಓಣಿಯ ರಗಳೆಯಲ್ಲ.

ಈಗ ಕಾನೂನಿಗೆ ಬರೋಣ. ಕೌಟುಂಬಿಕ ಹಿಂಸೆಯಿಂದ ಮಹಿಳೆಯರ ರಕ್ಷಣಾ ಕಾಯ್ದೆ 2005ರದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಅದು ಹೆಂಡತಿಗೆ ಮಾತ್ರ ಇರುವುದಲ್ಲ. 'ಮದುವೆಯ ಸ್ವರೂಪದ ಸಂಬಂಧ'ದಲ್ಲಿ ಒಂದೇ ಮನೆಯಲ್ಲಿ ಬಾಳಿದ ಹೆಣ್ಣಿಗೂ ಅದು ಅನ್ವಯಿಸುತ್ತದೆ. ಹಾಗೆಂದರೆ ಏನು ಎಂಬುದನ್ನು ಸುಪ್ರೀಂ ಕೋರ್ಟು 2010ರ ಅಕ್ಟೋಬರ್ 21ರ ತೀರ್ಪಿನಲ್ಲಿ ಬಿಡಿಸಿ ಹೇಳಿತು: ಇಬ್ಬರೂ ಊರಿನ ಕಣ್ಣಿಗೆ ಗಂಡ ಹೆಂಡಿರಂತೆ ಇರಬೇಕು, ಮದುವೆಯ ವಯಸ್ಸು ಆಗಿರಬೇಕು, ಮದುವೆಯಾಗಲು ಅಡ್ಡಿ ಇರಬಾರದು, ತಾವಾಗಿಯೇ ಸಾಕಷ್ಟು ಕಾಲ ಕೂಡಿ ಬಾಳಿರಬೇಕು. ಇಬ್ಬರೂ ಮದುವೆಯಾಗದವರಾಗಿದ್ದು, ಒಂದೇ ಖೋಲಿಯಲ್ಲಿ ವರ್ಷಗಟ್ಟಲೆ ಸಂಸಾರ ಮಾಡಿದ್ದರೆ, ಅವಳು ಈ ಕಾಯ್ದೆಯ ಕೆಳಗೆ ರಕ್ಷಣೆ, ಇರಲು ಸೂರು, ಖರ್ಚು, ಮಕ್ಕಳ ಸುಪರ್ದಿ ಎಲ್ಲವನ್ನೂ ಕೇಳಬಹುದು.

ತೊಡಕು ಇರುವುದು ಮೂರನೆಯ ಷರತ್ತಿನಲ್ಲಿ. ಅದು ಬೆಂಗಳೂರಿನ ಒಬ್ಬ ಮಹಿಳೆಯ ಪ್ರಕರಣದಲ್ಲಿ ಬಯಲಾಯಿತು. ಆಕೆ ಮದುವೆಯಾಗದವರು, ನೌಕರಿಯಲ್ಲಿದ್ದವರು. ಆತ ವಿವಾಹಿತ, ಎರಡು ಮಕ್ಕಳ ತಂದೆ. ಅದು ಆಕೆಗೆ ಗೊತ್ತಿತ್ತು. 1992ರಿಂದ ಕೂಡಿ ಬಾಳಿದರು. ಆತ ಬಿಟ್ಟುಹೋದಾಗ ಆಕೆ ಕೋರ್ಟಿಗೆ ಹೋದರು. ಮ್ಯಾಜಿಸ್ಟ್ರೇಟರು ತಿಂಗಳಿಗೆ 18,000 ರೂಪಾಯಿ ಕೊಡಿಸಿದರು, ಸೆಷನ್ಸ್ ಕೋರ್ಟು ಒಪ್ಪಿತು, ಕರ್ನಾಟಕ ಹೈಕೋರ್ಟು ಅದನ್ನು ರದ್ದುಗೊಳಿಸಿತು. 2013ರ ನವೆಂಬರ್ 26ರಂದು ಸುಪ್ರೀಂ ಕೋರ್ಟು ಹೈಕೋರ್ಟಿನ ತೀರ್ಪನ್ನೇ ಎತ್ತಿಹಿಡಿಯಿತು. ಗೊತ್ತಿದ್ದೂ ವಿವಾಹಿತನ ಜೊತೆ ಬಾಳಿದರೆ ಅದು ಮದುವೆಯ ಸ್ವರೂಪದ ಸಂಬಂಧ ಆಗದು, ಅದರಿಂದ ಅವನ ಹೆಂಡತಿ ಮಕ್ಕಳಿಗೆ ಅನ್ಯಾಯವಾಗುತ್ತದೆ ಎಂಬುದು ಕೋರ್ಟಿನ ವಾದ. ಅದನ್ನು ತೆಗೆದುಹಾಕಲು ಬರುವುದಿಲ್ಲ. ಊರಲ್ಲಿ ಕಾಯುತ್ತಾ ಕೂತ ಮೊದಲ ಹೆಂಡತಿಯೂ ನಮ್ಮ ಹೆಣ್ಣುಮಗಳೇ. ಆದರೆ ಅದೇ ತೀರ್ಪಿನಲ್ಲಿ ಕೋರ್ಟು ಇನ್ನೊಂದು ಮಾತನ್ನೂ ಬರೆದಿದೆ. ಇಂಥ ಸಂಬಂಧ ಮುರಿದಾಗ ಕಷ್ಟಕ್ಕೆ ಬೀಳುವವರು ಬಡ, ಓದುಬರಹವಿಲ್ಲದ ಹೆಂಗಸರು ಮತ್ತು ಅವರ ಮಕ್ಕಳು, ಅವರಿಗಾಗಿ ಸಂಸತ್ತು ಕಾನೂನು ತರುವ ಬಗ್ಗೆ ಯೋಚಿಸಬೇಕು ಎಂದು. ಅಂಥ ಕಾನೂನು ಇನ್ನೂ ಬಂದಿಲ್ಲ. ನಮ್ಮ ಮೂರು ಊರುಗಳಿಂದ ಬರುವ ಫೋನುಗಳಲ್ಲಿ ಅರ್ಧಕ್ಕರ್ಧ ಇಂಥ ಹೆಣ್ಣುಮಕ್ಕಳವೇ.

ಹಾಗಾದರೆ ಅವಳಿಗೆ ಏನೂ ಇಲ್ಲವೇ? ಇದೆ. ಹೊಡೆತಕ್ಕೆ ಮದುವೆ ಬೇಕಿಲ್ಲ. ಗಂಡನ ಕ್ರೌರ್ಯದ ಕಲಂ, ಅಂದರೆ ಹಿಂದಿನ 498ಎ, ಈಗಿನ ಭಾರತೀಯ ನ್ಯಾಯ ಸಂಹಿತೆಯ 85, ಗಂಡ ಮತ್ತು ಗಂಡನ ಸಂಬಂಧಿಕರನ್ನು ಕುರಿತದ್ದು. ಅಲ್ಲಿ ವಾದ ಏಳಬಹುದು. ಗಾಯ ಮಾಡುವುದು, ಆಯುಧದಿಂದ ಹೊಡೆಯುವುದು, ಜೀವಬೆದರಿಕೆ ಹಾಕುವುದು ಯಾರು ಯಾರಿಗೆ ಮಾಡಿದರೂ ಅಪರಾಧವೇ. ದಾರಿಹೋಕನಿಗೆ ಹೊಡೆದರೆ ಕೇಸಾಗುತ್ತದೆ, ಒಂದೇ ಸೂರಿನಡಿ ಇದ್ದವಳಿಗೆ ಹೊಡೆದರೆ ಆಗುವುದಿಲ್ಲವೆ? ಹೊಸ ಗೆಳೆಯನೋ ಹಳೆಯ ಗೆಳೆಯನೋ ಬಂದು ಬಾಗಿಲು ಒದ್ದರೂ ಇದೇ ಲೆಕ್ಕ. ಆಸ್ಪತ್ರೆಯಲ್ಲಿ ಮಾತ್ರ "ಜಾರಿ ಬಿದ್ದೆ" ಎಂದು ಹೇಳಕೂಡದು. ವೈದ್ಯರು ಬರೆದುಕೊಳ್ಳುವ ಆ ಒಂದು ಸಾಲು ಮುಂದೆ ಎಲ್ಲ ಕಡೆ ಹಿಂಬಾಲಿಸುತ್ತದೆ.

ಮಗುವಿನ ಹಕ್ಕು ಬೇರೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮಿನ ಪ್ರಕಾರ, ಹಿಂದಿನ 125, ತಂದೆ ತನ್ನ ಸಕ್ರಮ ಅಥವಾ ಅಕ್ರಮ ಸಂತಾನಕ್ಕೆ ಜೀವನಾಂಶ ಕೊಡಬೇಕು. (ಅಕ್ರಮ ಸಂತಾನ ಎಂಬುದು ಕಾನೂನಿನ ಶಬ್ದ, ನನ್ನದಲ್ಲ. ಹುಟ್ಟಿದ ಕೂಸು ಯಾವ ಅಕ್ರಮ ಮಾಡಿತು?) ತಾಯಿಯ ಅರ್ಜಿ ಬಿದ್ದುಹೋದರೂ ಮಗುವಿನ ಅರ್ಜಿ ನಿಲ್ಲುತ್ತದೆ. ಗಡಿಯ ತೊಂದರೆ ಬರುವುದು ಇಲ್ಲಿಯೇ, ಆದ್ದರಿಂದ ದಯವಿಟ್ಟು ನಿಧಾನವಾಗಿ ಓದಿ. ತಾಂಡೂರಿನಲ್ಲಿ ಏಟು ತಿಂದು ಚಿಂಚೋಳಿಯ ತವರಿಗೆ ಹೋದವಳು ಕೌಟುಂಬಿಕ ಹಿಂಸೆ ಕಾಯ್ದೆಯ ಅರ್ಜಿಯನ್ನು ಚಿಂಚೋಳಿಯಲ್ಲೇ ಹಾಕಬಹುದು. 27ನೇ ಕಲಮಿನಂತೆ ತಾತ್ಕಾಲಿಕವಾಗಿ ಇರುವ ಊರಾದರೂ ಸಾಕು, ಆಜ್ಞೆ ದೇಶದಲ್ಲೆಲ್ಲ ನಡೆಯುತ್ತದೆ. ಮಗುವಿನ ಜೀವನಾಂಶದ ಅರ್ಜಿಗೆ ಬೇರೆ ನಿಯಮ. ಮದುವೆಯಾದ ಹೆಂಡತಿ ತಾನಿರುವ ಊರಲ್ಲಿ ಹಾಕಬಹುದು. ಮದುವೆಯಾಗದ ತಾಯಿ ಮಗುವಿನ ಪರವಾಗಿ ಹಾಕುವಾಗ ಅವನಿರುವ ಊರು ಇಲ್ಲವೇ ಇಬ್ಬರೂ ಕೊನೆಗೆ ಕೂಡಿದ್ದ ಊರು ನೋಡಬೇಕು. ಅಂದರೆ ಅವಳು ತಾಂಡೂರಿಗೇ ತಿರುಗಬೇಕಾಗಬಹುದು. ಯಾವ ಅರ್ಜಿ ಎಲ್ಲಿ ಎಂದು ಮೊದಲೇ ವಕೀಲರನ್ನು ಕೇಳದೆ ಹೋದರೆ ಬಸ್ಸಿನ ಖರ್ಚೂ ಹೋಗುತ್ತದೆ, ಆರು ತಿಂಗಳೂ ಹೋಗುತ್ತದೆ.

ಇನ್ನೊಂದು ಕೆಟ್ಟ ರೂಢಿ ಇದೆ. ಜಗಳವಾದ ಕೂಡಲೇ ಗಂಡಿನ ಕಡೆಯವರು "ನಮ್ಮ ರಕ್ತ" ಎಂದು ಕೂಸನ್ನು ಎತ್ತಿಕೊಂಡು ಗಡಿ ದಾಟುತ್ತಾರೆ. ಹೆಣ್ಣು ಹೆದರಿ ಕೇಸು ಬಿಡುತ್ತಾಳೆ. ಹಿಂದೂ ಅಪ್ರಾಪ್ತ ವಯಸ್ಕರ ಮತ್ತು ಪಾಲನೆ ಕಾಯ್ದೆ 1956ರ 6ನೇ ಕಲಮು ಸ್ಪಷ್ಟವಾಗಿದೆ: ಮದುವೆಯಾಗದ ತಂದೆತಾಯಿಯ ಮಗುವಿಗೆ ಸಹಜ ಪಾಲಕಿ ತಾಯಿ, ಅವಳ ನಂತರ ತಂದೆ. ಬೇರೆ ಧರ್ಮದವರಿಗೆ ನಿಯಮ ಬೇರೆ, ಅವರು ವಿಚಾರಿಸಿಕೊಳ್ಳಬೇಕು. ಜನನ ಪ್ರಮಾಣಪತ್ರಕ್ಕೆ ತಂದೆಯ ಹೆಸರಿಲ್ಲದೆ ಆಗದು ಎಂದು ಹಿಂದಕ್ಕೆ ಕಳಿಸಿದರೆ, 2015ರ ಜುಲೈ 6ರ ಸುಪ್ರೀಂ ಕೋರ್ಟಿನ ತೀರ್ಪು ಇದೆ. ಒಂಟಿ ತಾಯಿ ಅಫಿಡವಿಟ್ ಕೊಟ್ಟರೆ ಪ್ರಮಾಣಪತ್ರ ಕೊಡಬೇಕು.

ಮೂವತ್ತು ವರ್ಷ ಕಡತ ಕಟ್ಟಿದವನಾದ್ದರಿಂದ ಕಾಗದದ ಬಗ್ಗೆ ನಾಲ್ಕು ಮಾತು ಹೆಚ್ಚು ಹೇಳುತ್ತೇನೆ, ಬೇಸರಿಸಬೇಡಿ. ಲಗ್ನಪತ್ರಿಕೆ ಇಲ್ಲದಿದ್ದರೂ ಸಂಸಾರ ತಾನು ಹೋದಲ್ಲೆಲ್ಲ ಕಾಗದ ಬಿಟ್ಟುಹೋಗುತ್ತದೆ. ಹೆರಿಗೆಗೆ ಸೇರಿಸಿದಾಗ ಆಸ್ಪತ್ರೆಯ ಪುಸ್ತಕದಲ್ಲಿ ಯಾರೋ ಸಹಿ ಮಾಡಿರುತ್ತಾರೆ. ತಾಯಿ ಕಾರ್ಡಿನಲ್ಲಿ, ಅಂಗನವಾಡಿ ಪುಸ್ತಕದಲ್ಲಿ, ಶಾಲೆಯ ದಾಖಲಾತಿಯಲ್ಲಿ ತಂದೆಯ ಹೆಸರಿರುತ್ತದೆ. ರೇಷನ್ ಕಾರ್ಡು, ಆಧಾರ್ ವಿಳಾಸ, ಖೋಲಿ ಬಾಡಿಗೆಯ ಚೀಟಿ, ಗ್ಯಾಸ್ ಪುಸ್ತಕ, ಅವನು ಫೋನಿನಿಂದ ಹಾಕಿದ ಹಣದ ವಿವರ, ಜಾತ್ರೆಯಲ್ಲಿ ಕೂಡಿ ತೆಗೆಸಿದ ಫೋಟೋ. ಎಷ್ಟು ಕಾಲ ಬಾಳಿದರು, ಮನೆ ಯಾರದು, ಖರ್ಚು ಹೇಗೆ ಹಂಚಿಕೊಂಡರು, ಮಕ್ಕಳಿವೆಯೇ, ನಾಲ್ಕು ಜನರ ನಡುವೆ ಹೇಗಿದ್ದರು, ಇವನ್ನೇ 2013ರ ತೀರ್ಪು ನೋಡಬೇಕೆಂದು ಹೇಳಿರುವುದು. ಅವನಿಗೆ ಹೆಂಡತಿ ಇರುವುದು ಅವಳಿಗೆ ಗೊತ್ತಿರಲಿಲ್ಲ, ಅವನು ಮುಚ್ಚಿಟ್ಟಿದ್ದ ಎಂದಾದರೆ ಅದಕ್ಕೂ ಸಾಕ್ಷಿ ಬೇಕು. ಮೋಸಹೋದವಳ ಪ್ರಕರಣ ಗೊತ್ತಿದ್ದೂ ಬಾಳಿದವಳದಕ್ಕಿಂತ ಬೇರೆ. ಸಿಟ್ಟಿನಲ್ಲಿ ಅವನು ಹರಿದುಹಾಕುವುದು ಮೊದಲು ಇಂಥ ಕಾಗದಗಳನ್ನೇ. ಫೋನಿನಲ್ಲಿ ಫೋಟೋ ತೆಗೆದು ತವರಿಗೆ ಕಳಿಸಿಡಲಿ.

ಠಾಣೆಯಲ್ಲಿ "ಅದು ಕರ್ನಾಟಕದ್ದು, ಅಲ್ಲಿಗೆ ಹೋಗು" ಎಂದರೆ ಒಪ್ಪಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಸಂಹಿತೆಯ 173ನೇ ಕಲಮಿನಂತೆ ಘಟನೆ ಎಲ್ಲೇ ನಡೆದಿರಲಿ, ಇಂಥ ಅಪರಾಧದ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಬರೆದುಕೊಳ್ಳಬೇಕು. ಎಫ್‌ಐಆರ್ ಪ್ರತಿ ಪುಕ್ಕಟೆ ಸಿಗುತ್ತದೆ. ನಮ್ಮವರಿಗೆ ಅಲ್ಲಿ ತೆಲುಗು ಓದಲು ಬರುವುದಿಲ್ಲ, ಓದದೆ ಹೆಬ್ಬೆಟ್ಟು ಒತ್ತಿ ಬರುತ್ತಾರೆ. ಎರಡೂ ಭಾಷೆ ಬಲ್ಲವರು ಪ್ರತಿ ಊರಿನಲ್ಲೂ ಸಂಘದಲ್ಲಿದ್ದೀರಿ. ಜೊತೆಗೆ ಹೋಗಿ ಒಂದು ಸಲ ಓದಿ ಹೇಳುವುದಕ್ಕೆ ಅರ್ಧ ದಿನ ಹೋದರೆ ಹೋಗಲಿ. ಮಹಿಳಾ ಸಹಾಯವಾಣಿ 181, ತುರ್ತಿಗೆ 112, ಮಕ್ಕಳಿಗೆ 1098, ಉಚಿತ ಕಾನೂನು ನೆರವಿಗೆ 15100. ಹೆಣ್ಣುಮಗಳಿಗೆ ಉಚಿತ ವಕೀಲರು ಸಿಗಲು ಆದಾಯ ಪ್ರಮಾಣಪತ್ರ ಬೇಕಿಲ್ಲ.

ಕೊನೆಯದಾಗಿ ರಾಜಿ ಪಂಚಾಯಿತಿಯ ವಿಷಯ. ಸ್ಟಾಂಪ್ ಕಾಗದದ ಮೇಲೆ "ಇನ್ನು ಮುಂದೆ ಒಬ್ಬರ ತಂಟೆಗೆ ಒಬ್ಬರು ಬರುವುದಿಲ್ಲ, ಮಗುವಿನ ಖರ್ಚು ಕೇಳುವುದಿಲ್ಲ" ಎಂದು ಬರೆಸಿ, ಅವಳ ಕೈಗೆ ಒಂದಿಷ್ಟು ದುಡ್ಡು ಕೊಟ್ಟು, ಸಂಘದ ಪದಾಧಿಕಾರಿಗಳಿಂದ ಸಾಕ್ಷಿ ಸಹಿ ಹಾಕಿಸುವ ಪದ್ಧತಿ ಮೂರೂ ಊರುಗಳಲ್ಲಿ ಇದೆ. ಮಗುವಿನ ಜೀವನಾಂಶದ ಹಕ್ಕನ್ನು ಹೀಗೆ ಬರೆದುಕೊಡಲು ತಾಯಿಗೂ ಅಧಿಕಾರವಿಲ್ಲ, ನಮಗಂತೂ ಮೊದಲೇ ಇಲ್ಲ. ಹಿರಿಯರು ಕೂತು ಸಮಾಧಾನ ಹೇಳುವುದಕ್ಕೆ ನನ್ನ ತಕರಾರಿಲ್ಲ. ಆದರೆ ಏಟು ಬಿದ್ದಿದ್ದರೆ ಮೊದಲು ಆಸ್ಪತ್ರೆ, ಆಮೇಲೆ ಠಾಣೆ, ಮಾತು ಅದರ ನಂತರ. ಅಂಥ ಕಾಗದ ಸಹಿಗೆ ನಿಮ್ಮ ಮುಂದೆ ಬಂದರೆ ಸಹಿ ಹಾಕದೆ ಅದರ ಫೋಟೋ ತೆಗೆದು ನನಗೆ ಕಳಿಸಿ, ವಕೀಲರಿಗೆ ತೋರಿಸಿ ಉತ್ತರ ಹೇಳುತ್ತೇನೆ.

ಕಾರ್ಯದರ್ಶಿ