ಇಲ್ಲ ಎನ್ನದ ಜೊತೆಗಾರ

ಕೋಣೆಯಲ್ಲಿ ಒಬ್ಬನೇ ಕುಳಿತು ವಿಡಿಯೋ ಗೇಮ್ ಆಡುವ ಮಗನ ಹಿಂದೆ ನಿಂತು ನೀವು ಎಂದಾದರೂ ಆಟವನ್ನು ಗಮನಿಸಿದ್ದೀರಾ? "ಇನ್ನೂ ಎಷ್ಟು ಹೊತ್ತು ಆಡುತ್ತೀಯಾ?" ಎಂದು ಗದರುವುದು ನಮಗೆಲ್ಲ ಅಭ್ಯಾಸವಾಗಿ ಹೋಗಿದೆ. "ಯಾರ ಜೊತೆ ಆಡುತ್ತಿದ್ದೀಯಾ?" ಎಂದು ಕೇಳುವವರು ಕಡಿಮೆ. ಈ ಎರಡನೆಯ ಪ್ರಶ್ನೆಯ ಬಗ್ಗೆ ಈ ತಿಂಗಳು ಸ್ವಲ್ಪ ಮಾತನಾಡೋಣ.

ಹಾಕಿಯನ್ನೇ ತೆಗೆದುಕೊಳ್ಳಿ. ವಿಡಿಯೋ ಗೇಮಿನಲ್ಲಿ ಹೆಸರಾದ ಹಾಕಿ ನಮ್ಮ ಹುಲ್ಲಿನ ಮೈದಾನದ ಹಾಕಿಯಲ್ಲ, ಮಂಜುಗಡ್ಡೆಯ ಮೇಲೆ ಜಾರುತ್ತಾ ಆಡುವ ಐಸ್ ಹಾಕಿ. ಇಎ ಕಂಪೆನಿಯ ಎನ್‌ಎಚ್‌ಎಲ್ ಸರಣಿ 1991ರಲ್ಲಿ ಆರಂಭವಾಯಿತು. ರಾಮನಗರ, ಮಾಗಡಿ, ಕನಕಪುರದ ನಮ್ಮ ಮಕ್ಕಳು ಮಂಜುಗಡ್ಡೆಯನ್ನು ಕಂಡಿರುವುದು ಜ್ಯೂಸ್ ಅಂಗಡಿಯಲ್ಲಿ ಮಾತ್ರ. ಆದರೂ ಈ ಆಟ ಅವರಿಗೆ ಬೇಗ ಒಗ್ಗುತ್ತದೆ. ಗೋಲಿಯೂ ಸೇರಿ ತಂಡಕ್ಕೆ ಆರು ಮಂದಿ. ಚೆಂಡಿನ ಬದಲು ರಬ್ಬರಿನ ಬಿಲ್ಲೆ. ಹುಡುಗನ ಕೈಯಲ್ಲಿರುವುದು ಒಂದು ಸಲಕ್ಕೆ ಒಬ್ಬನೇ ಆಟಗಾರ. ಉಳಿದ ಐವರನ್ನು ಓಡಿಸುವುದು ಕಂಪ್ಯೂಟರ್.

ಈ ಐವರು ಹೇಗೆ ಓಡುತ್ತಾರೆ? ಬಿಲ್ಲೆ ಎಡಗಡೆಗೆ ಬಂದರೆ ನೀನು ಇಲ್ಲಿಗೆ ಹೋಗು, ಎದುರಾಳಿ ಹತ್ತಿರ ಬಂದರೆ ಹಿಂದೆ ಸರಿ, ದಾರಿ ತೆರೆದಿದ್ದರೆ ಗೋಲಿನತ್ತ ನುಗ್ಗು ಎಂದು ಪ್ರೋಗ್ರಾಂ ಬರೆದವರು ಮೊದಲೇ ಹೇಳಿಟ್ಟಿರುತ್ತಾರೆ. ಆಟ ಅವನ್ನು ಪ್ರತಿಕ್ಷಣವೂ ಲೆಕ್ಕ ಹಾಕಿ ಒಂದನ್ನು ಆರಿಸಿಕೊಳ್ಳುತ್ತದೆ. ನೋಡುವವರಿಗೆ ಅದು ಬುದ್ಧಿವಂತಿಕೆಯಂತೆಯೇ ಕಾಣುತ್ತದೆ. ಬುದ್ಧಿವಂತಿಕೆ ಹೌದು, ಆದರೆ ಎಲ್ಲೋ ದೂರದ ಒಬ್ಬ ಪ್ರೋಗ್ರಾಮರ್‌ನದ್ದು, ಅದೂ ಅವನು ಕೆಲಸ ಮುಗಿಸಿ ಮನೆಗೆ ಹೋದ ದಿನಕ್ಕೆ ನಿಂತುಹೋದದ್ದು.

ಈಗ ನಮ್ಮ ಹುಡುಗನಿಗೆ ಒಂದು ಹೊಸ ಉಪಾಯ ಹೊಳೆಯುತ್ತದೆ ಎಂದುಕೊಳ್ಳಿ. ಮುಂದೆ ನುಗ್ಗುವಂತೆ ನಟಿಸಿ, ಬಿಲ್ಲೆಯನ್ನು ನೋಡದೆಯೇ ಹಿಂದಕ್ಕೆ ಬಿಟ್ಟರೆ ಹೇಗೆ? ಹಿಂದಿನಿಂದ ಬರುವ ಗೆಳೆಯ ಅದನ್ನು ಎತ್ತಿಕೊಳ್ಳಬಹುದಲ್ಲ! ಅವನು ಬಿಡುತ್ತಾನೆ. ಜೊತೆಗಾರ ಬರುವುದಿಲ್ಲ. ಅವನಿಗೆ ಹೇಳಿಕೊಟ್ಟ ಪಟ್ಟಿಯಲ್ಲಿ ಆ ಜಾಗ ಇಲ್ಲ. ಬಿಲ್ಲೆ ಎದುರಾಳಿಯ ಪಾಲಾಗುತ್ತದೆ. ಎರಡು ಸಲ, ಮೂರು ಸಲ ಹೀಗಾದ ಮೇಲೆ ಹುಡುಗ ಆ ಉಪಾಯವನ್ನು ಕೈಬಿಡುತ್ತಾನೆ. ಬದಲಿಗೆ, ಗೋಲಿನ ಒಂದು ಬದಿಯಿಂದ ಇನ್ನೊಂದು ಬದಿಗೆ ಅಡ್ಡ ಪಾಸು ಕೊಟ್ಟರೆ ಜೊತೆಗಾರ ಅಲ್ಲಿ ತಪ್ಪದೆ ಇರುತ್ತಾನೆ ಎಂಬುದನ್ನು ಕಂಡುಕೊಳ್ಳುತ್ತಾನೆ. ಆಮೇಲೆ ದಿನವೂ ಅದೇ ಪಾಸು, ಅದೇ ಗೋಲು. ಆಟದಲ್ಲಿ ಪಳಗಿದ್ದಾನೆ ಎಂದು ನಾವು ಭಾವಿಸುತ್ತೇವೆ. ನಿಜವಾಗಿ ಅವನು ಪಳಗಿರುವುದು ಜೊತೆಗಾರನಿಗೆ ಅರ್ಥವಾಗುವಷ್ಟನ್ನೇ ಯೋಚಿಸುವುದರಲ್ಲಿ.

ಮನುಷ್ಯ ಜೊತೆಗಾರ ಸಿಕ್ಕರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ದೇಶದಲ್ಲೇ ಒಂದು ಜೋಡಿ ಇತ್ತು: ವಾರಾಣಸಿಯ ಮೊಹಮ್ಮದ್ ಶಾಹಿದ್ ಮತ್ತು ಎಡ ಅಂಚಿನಲ್ಲಿ ಓಡುತ್ತಿದ್ದ ಝಫರ್ ಇಕ್ಬಾಲ್. 1980ರ ಮಾಸ್ಕೋ ಒಲಿಂಪಿಕ್ಸ್ ಫೈನಲ್‌ನಲ್ಲಿ ಭಾರತ ಸ್ಪೇನನ್ನು 4-3ರಿಂದ ಸೋಲಿಸಿ ಚಿನ್ನ ಗೆದ್ದಾಗ ಇಬ್ಬರೂ ತಂಡದಲ್ಲಿದ್ದರು. ನಮ್ಮ ಕೊಡಗಿನ ಎಂ. ಎಂ. ಸೋಮಯ್ಯ ಕೂಡ ಇದ್ದರು. ಶಾಹಿದ್ ಅವರ ಡ್ರಿಬ್ಲಿಂಗ್ ಕಂಡು ಜನ ಬೆರಗಾಗುತ್ತಿದ್ದರು. ಅವರು 2016ರಲ್ಲಿ ತೀರಿಕೊಂಡಾಗಲೂ ಎಲ್ಲರೂ ನೆನೆದದ್ದು ಅದನ್ನೇ. ಆದರೆ ನಾಲ್ಕು ಜನರನ್ನು ದಾಟಿ ಬಂದವನು ಕೊನೆಗೆ ಚೆಂಡನ್ನು ಯಾರಿಗಾದರೂ ಕೊಡಬೇಕಲ್ಲ? ಅವನು ಏನು ಮಾಡಲಿದ್ದಾನೆ ಎಂದು ಎದುರಾಳಿಗೆ ತಿಳಿಯಬಾರದು, ಜೊತೆಗಾರನಿಗೆ ತಿಳಿಯಬೇಕು. ಈ ಗುಟ್ಟು ಇಬ್ಬರ ನಡುವೆ ಬೆಳೆಯುವಂಥದ್ದು. ಒಬ್ಬನೇ ಕುಳಿತು ಬೆಳೆಸಿಕೊಳ್ಳಲಾಗದು.

2008ರಲ್ಲಿ ಬಂದ ಎನ್‌ಎಚ್‌ಎಲ್ 09ರಲ್ಲಿ ಇನ್ನೊಂದು ಬಗೆಯ ಆಟ ಸೇರಿತು. ಅದರಲ್ಲಿ ಹುಡುಗ ಪಂದ್ಯವಿಡೀ ಒಬ್ಬನೇ ಆಟಗಾರನಾಗಿ ಉಳಿಯಬೇಕು. ತನ್ನ ಜಾಗ ಬಿಟ್ಟು ಅಲೆದರೆ ಅಂಕ ಕಡಿಮೆಯಾಗುತ್ತದೆ. ಶಾಹಿದ್ ಆಡಿದ್ದರೆ ಎಷ್ಟು ಅಂಕ ಸಿಗುತ್ತಿತ್ತೋ! ಗುಂಡಿ ಒತ್ತಿ ಪಾಸು ಕೇಳಿದರೆ ಕಂಪ್ಯೂಟರ್ ಜೊತೆಗಾರ ಸಾಮಾನ್ಯವಾಗಿ ಕೊಟ್ಟುಬಿಡುತ್ತಾನೆ. ತನಗೇ ಗೋಲು ಹೊಡೆಯುವ ಅವಕಾಶವಿದೆ ಎಂದು ಅವನು ವಾದಿಸುವುದಿಲ್ಲ, ಮುನಿಸಿಕೊಳ್ಳುವುದೂ ಇಲ್ಲ. ಇಂಥ ಜೊತೆಗಾರನಿಗೆ ಒಗ್ಗಿಕೊಂಡ ಮಗು ಮರುದಿನ ತಮ್ಮನ ಜೊತೆ ಅಂಗಳಕ್ಕೆ ಇಳಿದಾಗ ಏನಾಗುತ್ತದೆ ಎಂಬುದನ್ನು ತಾಯಂದಿರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟು ಹೇಳಿ, ಚನ್ನಪಟ್ಟಣದ ಮರದ ಬೊಂಬೆಯನ್ನು ಹೊಗಳಿ, ವಿಡಿಯೋ ಗೇಮನ್ನು ಮೂಲೆಗೆಸೆಯಿರಿ ಎನ್ನುವುದು ಸುಲಭ. ಬೊಂಬೆಯ ಬಗ್ಗೆ ನಮಗೆ ಅಭಿಮಾನ ಇರುವುದೂ ಸಹಜವೇ. ಟಿಪ್ಪು ಸುಲ್ತಾನರ ಕಾಲದಿಂದ ಬಂದ ಕಸುಬು ಎಂದು ಊರಿನವರು ಹೇಳುತ್ತಾರೆ. ಜಪಾನಿನ ಕ್ರಮವನ್ನು ಇಲ್ಲಿಗೆ ತಂದವರೆಂದು ಬಾವಾಸ್ ಮಿಯಾ ಅವರನ್ನು ನೆನೆಯುತ್ತಾರೆ. ಇಂದಿಗೂ ಅನೇಕ ಮುಸ್ಲಿಮ್ ಮನೆಗಳು ಅದನ್ನೇ ನಂಬಿವೆ. ಲೇತ್‌ನಲ್ಲಿ ತಿರುಗುವ ಆಲೆ ಮರದ ತುಂಡಿಗೆ ಅರಗಿನ ಬಣ್ಣವನ್ನು ಒತ್ತಿ ಹಿಡಿದರೆ, ಉಜ್ಜಿದ ಬಿಸಿಗೇ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಆ ಬುಗುರಿ, ಆ ಕುದುರೆ ಮಗುವಿಗೆ ಏನನ್ನೂ ಹೇಳಿಕೊಡುವುದಿಲ್ಲ. ಕುದುರೆ ಎಲ್ಲಿಗೆ ಹೋಗಬೇಕು, ಯಾರನ್ನು ಹೊರಬೇಕು, ಎಲ್ಲವೂ ಮಗುವಿನದ್ದೇ ಕಲ್ಪನೆ. ಆದರೆ ಬೊಂಬೆಯೂ ಇಲ್ಲ ಎನ್ನುವುದಿಲ್ಲವಲ್ಲ! ಅಷ್ಟರ ಮಟ್ಟಿಗೆ ಅದೂ ಕಂಪ್ಯೂಟರ್ ಜೊತೆಗಾರನ ಸಂಬಂಧಿಯೇ. ವ್ಯತ್ಯಾಸವೇನೆಂದರೆ ಬೊಂಬೆ ಮಗುವಿನ ಕಲ್ಪನೆಗೆ ಬೇಲಿ ಹಾಕುವುದಿಲ್ಲ.

ಕಂಪ್ಯೂಟರ್ ಜೊತೆಗಾರನಿಂದ ಪ್ರಯೋಜನವಿಲ್ಲವೆಂದೂ ಅಲ್ಲ. ಗೆಳೆಯರು ಸಿಗದ ಮಳೆಗಾಲದ ಸಂಜೆ ಅವನಿದ್ದಾನೆ. ಯಾವ ಸ್ಥಾನದವನು ಎಲ್ಲಿ ನಿಲ್ಲಬೇಕು ಎಂಬುದನ್ನು ಹೊಸಬನಿಗೆ ಅವನಷ್ಟು ತಾಳ್ಮೆಯಿಂದ ಕಲಿಸುವವರು ಇಲ್ಲ. ಅಕ್ಷರ ಕಲಿಯುವಾಗ ತಿದ್ದುವ ಗೆರೆಯ ಹಾಗೆ. ಗೆರೆಯ ಮೇಲೆಯೇ ಎಷ್ಟು ವರ್ಷ ಬರೆಯುವುದು ಎಂಬುದಷ್ಟೇ ಪ್ರಶ್ನೆ.

ಕೊಡಗಿನವರು ಈ ಜೊತೆಗಾರರ ಸಮಸ್ಯೆಯನ್ನು ತಮ್ಮದೇ ರೀತಿಯಲ್ಲಿ ಬಗೆಹರಿಸಿದ್ದಾರೆ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಆರಂಭಿಸಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ಒಂದು ಮನೆತನವೇ ಒಂದು ತಂಡ. ಮಾವನೂ ಇರಬಹುದು, ಮನೆಯ ಹೆಣ್ಣುಮಗಳೂ ಇರಬಹುದು. ಮೊದಲ ವರ್ಷ ಬಂದದ್ದು 60 ಕುಟುಂಬಗಳು. 2024ರಲ್ಲಿ ನಾಪೋಕ್ಲುವಿನಲ್ಲಿ 360 ಕುಟುಂಬಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. ಅಲ್ಲಿ ಚಿಕ್ಕಪ್ಪನ ಮಂಡಿನೋವು ಗೊತ್ತಿರುವ ಹುಡುಗನೇ ಅವರಿಗೆ ಪಾಸು ಕೊಡಬೇಕು. ಯಾವ ಪ್ರೋಗ್ರಾಮರ್ ಇದನ್ನು ಬರೆದಾನು?

ನಮ್ಮ ಮನೆಗಳಲ್ಲಿ ಅಷ್ಟೆಲ್ಲ ಬೇಡ. ವಿಡಿಯೋ ಗೇಮಿನ ಯಂತ್ರಕ್ಕೆ ಎರಡನೆಯ ಕಂಟ್ರೋಲರ್ ಜೋಡಿಸಬಹುದು. ಅಣ್ಣ ತಂಗಿಯರನ್ನು ಎದುರಾಳಿಗಳಾಗಿ ಅಲ್ಲ, ಒಂದೇ ತಂಡದಲ್ಲಿ ಕೂರಿಸಿ. ಆಟದ ಸೆಟ್ಟಿಂಗ್ಸ್‌ನಲ್ಲಿ ಪಾಸಿನ ಗುರಿಯನ್ನು ಯಂತ್ರವೇ ತಿದ್ದಿಕೊಡುವ ಸೌಲಭ್ಯ ಇರುತ್ತದೆ, ಅದನ್ನು ಕಡಿಮೆ ಮಾಡಿ. ಮೊದಲ ವಾರ ಬಿಲ್ಲೆ ಯಾರಿಗೂ ತಲುಪುವುದಿಲ್ಲ. "ನಾನು ಅಲ್ಲೇ ಇದ್ದೆನಲ್ಲ, ಯಾಕೆ ಕೊಡಲಿಲ್ಲ?" ಎಂಬ ಜಗಳ ಅಡುಗೆಮನೆಯವರೆಗೂ ಕೇಳಿಸುತ್ತದೆ. ತೀರ್ಪು ಕೊಡಲು ಓಡಿ ಹೋಗಬೇಡಿ. ಎಲ್ಲಿ ನಿಂತಿದ್ದೆ, ಯಾಕೆ ನಿಂತಿದ್ದೆ ಎಂದು ಅವರು ಒಬ್ಬರಿಗೊಬ್ಬರು ವಿವರಿಸಿಕೊಳ್ಳಲಿ.